ಡುಮ್ಯಾನ ಉಪವಾಸ

“ಸಾಬ್ರ, ನಿಮ್ಮ ಮೀನಾ ಉಪವಾಸ ಕುಂತೈತಿ. ಐದು ದಿನಾತು, ಏನೂ ಮುಟ್ಟವಲ್ದು,” ಎಂದು ಬ್ಯಾಡಗಿಯ ಸಾವಕಾರರು ಫೋನ್ ಮಾಡಿದಾಗ ನಾನು ರಾಣೆಬೆನ್ನೂರಿನ ನನ್ನ ಅಂಗಡಿಯಲ್ಲಿ ಹೊಸ ಗಾಜಿನ ತೊಟ್ಟಿಯೊಂದಕ್ಕೆ ಸಿಲಿಕಾನ್ ಹಚ್ಚುತ್ತಿದ್ದೆ. ಮೀನು ಚೆನ್ನಾಗಿದ್ದಾಗ ಅದು ಅವರದು. ಬಂದವರಿಗೆಲ್ಲ ‘ನಮ್ಮ ಮೀನು’ ಎಂದು ತೋರಿಸುತ್ತಾರೆ. ಕೆಟ್ಟಾಗ ಮಾತ್ರ ಅದು ನನ್ನದಾಗಿಬಿಡುತ್ತದೆ. ಈ ಕಸುಬಿನಲ್ಲಿ ಇದೇನೂ ಹೊಸದಲ್ಲ. ಆದರೂ ಐದು ದಿನ ಎಂದಾಗ ನನ್ನ ಕೈಯ ಸಿಲಿಕಾನ್ ಗೆರೆ ಸೊಟ್ಟಗಾಯಿತು.

ಅದು ಪಫರ್ ಮೀನು. ಸಮುದ್ರದ್ದಲ್ಲ, ಬಂಗಾಳದ ಕಡೆಯ ಸಿಹಿನೀರಿನದು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಹಸಿರು ಬೆನ್ನು, ಬಿಳಿ ಹೊಟ್ಟೆ, ಪಕ್ಕೆಯಲ್ಲೊಂದು ಕಪ್ಪು ಬೊಟ್ಟು. ಹೆದರಿದರೆ ನೀರು ಕುಡಿದು ಚೆಂಡಿನಂತೆ ಉಬ್ಬುತ್ತದೆ. ಎರಡು ಕಣ್ಣುಗಳನ್ನೂ ಬೇರೆ ಬೇರೆ ದಿಕ್ಕಿಗೆ ಹೊರಳಿಸುತ್ತದೆ. ಎರಡು ವರ್ಷದ ಹಿಂದೆ ನನ್ನ ಅಂಗಡಿಗೆ ಬಂದಿದ್ದ ಸಾವಕಾರರ ಬೆರಳಿನ ಹಿಂದೆ ಗಾಜಿನುದ್ದಕ್ಕೂ ಓಡಾಡಿ ಅವರನ್ನು ಮರುಳು ಮಾಡಿತ್ತು. ಆದರೆ ಅವರ ಹೆಂಡತಿ, ಜೀವ ತಿನ್ನುವ ಪ್ರಾಣಿ ನಮ್ಮ ಹೊಸ್ತಿಲು ದಾಟುವಂತಿಲ್ಲ ಎಂದುಬಿಟ್ಟರು. ದಿನವೂ ಲಿಂಗಪೂಜೆ ನಡೆಯುವ ಮನೆ. ಅವರ ಮಾತೂ ತಪ್ಪಲ್ಲ. ಹಾಗಾಗಿ ಬ್ಯಾಡಗಿಯ ಅವರ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲೇ, ಅವರು ಕೂರುವ ಗಾದಿಯ ಪಕ್ಕ, ತೊಟ್ಟಿ ಇಟ್ಟುಕೊಟ್ಟೆ. ಅಂದಿನಿಂದ ದರ ಗೊತ್ತಾಗಲೆಂದು ಕಾಯುತ್ತ ಕೂರುವ ರೈತರಿಗೆಲ್ಲ ಆ ಮೀನೇ ಕಾಲಹರಣ.

ತಿಂಗಳಿಗೊಮ್ಮೆ ಹೋಗಿ ನೀರು ಬದಲಿಸಿ, ಮರಳು ತೊಳೆದು, ಫಿಲ್ಟರ್ ಹಿಂಡಿ ಬರುವುದು ನನ್ನ ಕೆಲಸ. ಅದರ ಊಟದ ಸರಬರಾಜೂ ನನ್ನದೇ. ನನ್ನ ಅಂಗಡಿಯ ಹಿಂದೆ ಹಳೆಯ ಡ್ರಮ್ಮಿನಲ್ಲಿ ಸೌತೆಕಾಯಿ ಸಿಪ್ಪೆ ಹಾಕಿ ಸಣ್ಣ ಬಸವನಹುಳುಗಳನ್ನು ಸಾಕಿದ್ದೇನೆ. ಅವನ್ನು ಬಾಟಲಿಯಲ್ಲಿ ತುಂಬಿ ಕಳಿಸಿ, “ದಿನಾ ನಾಕೈದು ಹಾಕ್ರಿ” ಎಂದು ಹೇಳಿದರೆ ನನ್ನ ಜವಾಬ್ದಾರಿ ಮುಗಿಯಿತು. ಮೊದಲು ಅಂಗಡಿಯ ಗುಮಾಸ್ತರು ಹಾಕುತ್ತಿದ್ದರು. ಹುಳು ಮುಟ್ಟುವುದೆಂದರೆ ಅವರಿಗೆ ವಾಕರಿಕೆ. ಹೀಗಾಗಿ ಒಂದು ವರ್ಷದಿಂದ ಆ ಕೆಲಸ ತುಂಬು ಬಿಡಿಸುವ ಅಕ್ಕನ ಪಾಲಿಗೆ ಬಂದಿತ್ತು. ಮೆಣಸಿನಕಾಯಿಯ ತೊಟ್ಟನ್ನು ಆ ಕಡೆ ತುಂಬು ಎನ್ನುತ್ತಾರೆ. ಅಂಗಳದಲ್ಲಿ ಕೆಂಪು ರಾಶಿಯ ಸುತ್ತ ಹೆಂಗಸರು ಕುಳಿತು ಬೆಳಗಿನಿಂದ ಸಂಜೆಯವರೆಗೆ ತುಂಬು ಮುರಿಯುತ್ತಾರೆ. ಐವತ್ತು ದಾಟಿದ ಈ ಅಕ್ಕ ಅವರೆಲ್ಲರಿಗೂ ಹಿರಿಯಳು. ಮೀನಿಗೆ ‘ಡುಮ್ಯಾ’ ಎಂದು ಹೆಸರಿಟ್ಟವಳೂ ಆಕೆಯೇ.

ಮರುದಿನ ಬೆಳಿಗ್ಗೆ ಬೈಕಿನಲ್ಲಿ ಮೋಟೆಬೆನ್ನೂರಿನ ತಿರುವು ದಾಟಿ ಬ್ಯಾಡಗಿ ಹತ್ತಿರವಾಗುತ್ತಿದ್ದಂತೆ ಮೂಗು ಚುರುಗುಟ್ಟತೊಡಗಿತು. ಶಿವರಾತ್ರಿ ಹತ್ತಿರ ಬಂದಿತ್ತು. ಊರಿಗೆ ಊರೇ ಮೆಣಸಿನಕಾಯಿಯಲ್ಲಿ ಮುಳುಗುವ ಕಾಲ. ಅಂಗಡಿಯೊಳಗೆ ಕಾಲಿಡುತ್ತಲೇ ಎರಡು ಸಲ ಸೀನಿದೆ. ಡುಮ್ಯಾ ತೊಟ್ಟಿಯ ಮೂಲೆ ಹಿಡಿದಿತ್ತು. ಬೆನ್ನಿನ ಹಸಿರು ಬೂದಿಯಾಗಿತ್ತು, ಹೊಟ್ಟೆ ಒಳಗೆ ಸೇರಿತ್ತು. ಒಂದು ಹುಳು ಬಿಟ್ಟೆ. ಬಂತು, ಒಂದು ಕಣ್ಣಿನಿಂದ ಹುಳುವನ್ನೂ ಇನ್ನೊಂದರಿಂದ ನನ್ನನ್ನೂ ನೋಡಿತು, ಮೂತಿ ತಾಗಿಸಿತು, ಬಿಟ್ಟು ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೆ ಹಾಗೇ ಹೋಯಿತು. ಹಸಿವಿದೆ, ತಿನ್ನಲು ಆಗುತ್ತಿಲ್ಲ. ಅಷ್ಟು ನೋಡಿದವನಿಗೆ ಅಲ್ಲೇ ತಿಳಿಯಬೇಕಿತ್ತು.

ಆದರೆ ನಮ್ಮಂಥವರಿಗೆ ಮೀನಿಗಿಂತ ಮೊದಲು ನೀರು ನೋಡುವ ಚಟ. ಕಿಟ್ ತೆಗೆದು ಹನಿ ಹಾಕಿ ನೋಡಿದೆ. ಅಮೋನಿಯ ಇಲ್ಲ, ನೈಟ್ರೈಟ್ ಇಲ್ಲ. ಹೀಟರ್ ಸರಿಯಾಗಿತ್ತು. ಬಗ್ಗಿ ಅಡ್ಡಲಾಗಿ ನೋಡಿದಾಗ ನೀರಿನ ಮೇಲೆ ತೆಳುವಾದ ಎಣ್ಣೆಯ ಪೊರೆ ಕಂಡಿತು. ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸಿದೆ. ಖಾರ! ಕಳ್ಳ ಸಿಕ್ಕಿಬಿದ್ದ ಎಂದು ನನಗೆ ಒಳಗೊಳಗೇ ಖುಷಿಯೇ ಆಯಿತು.

“ಇದಕ್ಕ ದಿನಾ ಯಾರು ಹಾಕ್ತಾರ್ರಿ?” ಎಂದು ಕೇಳಿದೆ.

ಅಂಗಳದಿಂದ ಅಕ್ಕ ಎದ್ದು ಬಂದಳು. “ನಾನ ಹಾಕ್ತೇನ್ರಿ ಅಣ್ಣಾರ. ಅದರ ಬಾಯಿ ಯಾಕೋ...”

“ಮೊದಲ ಕೈ ತೋರಸ್ರಿ ಅಕ್ಕಾ,” ಎಂದೆ.

ಆಕೆ ಎರಡೂ ಕೈ ಚಾಚಿದಳು. ಬೆರಳ ತುದಿಗಳು ಕೆಂಪೇರಿದ್ದವು. ಉರಿ ತಡೆಯಲೆಂದು ಹಚ್ಚಿಕೊಂಡ ಶೇಂಗಾ ಎಣ್ಣೆ ಮಿರುಗುತ್ತಿತ್ತು. ನಾನು ಸಾವಕಾರರ ಕಡೆ ತಿರುಗಿ, “ನೋಡ್ರಿ ಸಾವಕಾರ್ರ, ಖಾರದ ಕೈ ದಿನಾ ನೀರಾಗ ಅದ್ದಿದ್ರ ಮೀನ ಹೆಂಗ ತಿಂತೈತಿ? ನಿಮ್ಮ ಕಣ್ಣಾಗ ಖಾರ ಬಿದ್ರ ನೀವು ಉಣ್ತೀರೇನು?” ಎಂದೆ. ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು.

ಸಾವಕಾರರು ಸಿಟ್ಟಿನ ಮನುಷ್ಯರಲ್ಲ. ಮೆತ್ತಗೇ ಹೇಳಿದರು: “ಯವ್ವಾ, ನಾಳಿಂದ ನೀ ಅದರ ಕಡೆ ಹೋಗಬ್ಯಾಡಬೇ. ಗುಮಾಸ್ತ ನೋಡ್ಕೋತಾನ.” ಅಕ್ಕ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ರಾಶಿಯ ಕಡೆಗೆ ಹೋದಳು. ಅಂಗಳದ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಕೇಳಿಸಿಕೊಂಡಿದ್ದರು.

ಆ ದಿನ ಮಧ್ಯಾಹ್ನದವರೆಗೂ ದುಡಿದೆ. ಅರ್ಧಕ್ಕಿಂತ ಹೆಚ್ಚು ನೀರು ತೆಗೆದು ಹೊಸದು ತುಂಬಿದೆ. ಎಣ್ಣೆಯ ಪೊರೆಯನ್ನು ಹಳೆಯ ಪತ್ರಿಕೆಯ ಹಾಳೆ ಹಾಸಿ ಹಾಸಿ ಎತ್ತಿದೆ. ಫಿಲ್ಟರಿನಲ್ಲಿ ಇದ್ದಿಲಿನ ಚೀಲ ಇಟ್ಟೆ. ಗಾಳಿಯ ಪಂಪು ಮೆಣಸಿನಕಾಯಿಯ ಧೂಳನ್ನು ಎಳೆದುಕೊಳ್ಳದಂತೆ ಅದನ್ನು ಒಳಕೋಣೆಗೆ ಸರಿಸಿ, ಉದ್ದ ಕೊಳವೆ ಜೋಡಿಸಿದೆ. ತೊಟ್ಟಿಗೆ ಹೊಸ ಗಾಜಿನ ಮುಚ್ಚಳ ಕತ್ತರಿಸಿ ಹಾಕಿದೆ. ಹೊರಡುವಾಗ, “ಮೂರು ದಿನದಾಗ ತಿನ್ಲಿಲ್ಲಂದ್ರ ಕೇಳ್ರಿ,” ಎಂದು ಗತ್ತಿನಲ್ಲಿ ಹೇಳಿ ಬಂದೆ.

ಮೂರನೆಯ ದಿನ ಕೇಳಿದರು. ತಿಂದಿರಲಿಲ್ಲ.

ಮತ್ತೆ ಹೋದೆ. ಗುಮಾಸ್ತರು ಹಾಕಿದ್ದ ಹುಳುಗಳು ಗಾಜಿನ ಮೇಲೆ ಆರಾಮಾಗಿ ಹರಿದಾಡುತ್ತಿದ್ದವು. ಡುಮ್ಯಾ ಈಗ ಕಲ್ಲಿನ ಹಿಂದೆ ಸೇರಿಕೊಂಡಿತ್ತು; ಬೆರಳು ತೋರಿಸಿದರೂ ಬರಲಿಲ್ಲ. ನನ್ನ ಜೋಳಿಗೆಯಲ್ಲಿದ್ದದ್ದೆಲ್ಲ ಹೊರಬಂತು. ಎರೆಹುಳು ಕೊಟ್ಟೆ. ಸೀಗಡಿಯ ಚೂರಿಗೆ ಬೆಳ್ಳುಳ್ಳಿ ರಸ ಸವರಿ, ಕಡ್ಡಿಗೆ ಸಿಕ್ಕಿಸಿ, ಅದರ ಮೂತಿಯ ಮುಂದೆ ಜೀವ ಇದ್ದಂತೆ ಅಲ್ಲಾಡಿಸಿದೆ. ಬೆಳ್ಳುಳ್ಳಿಯ ವಾಸನೆಗೆ ಎಂಥ ಹಟಮಾರಿ ಮೀನೂ ಬಾಯಿ ಬಿಡುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಡುಮ್ಯಾ ಚೂರಿಗೆ ಒಮ್ಮೆ ಮೂತಿ ಒತ್ತಿತು, ಬಿಟ್ಟಿತು. ಇನ್ನೊಮ್ಮೆ ಒತ್ತಿತು, ಬಿಟ್ಟಿತು. ಸೀಗಡಿಯ ವಾಸನೆಗೆ ಸಾವಕಾರರು ಮಾತ್ರ ಮೂಗು ಮುಚ್ಚಿಕೊಂಡು ಹೊರಗೆ ಹೋದರು.

ಕೊನೆಗೆ ಅದನ್ನು ರಾಣೆಬೆನ್ನೂರಿಗೆ ಒಯ್ಯಲು ನಿರ್ಧರಿಸಿದೆ. ಪಫರ್ ಮೀನನ್ನು ಬಲೆಯಲ್ಲಿ ಎತ್ತಬಾರದು. ನೀರಿನಿಂದ ಹೊರಬಂದು ಹೆದರಿದರೆ ಗಾಳಿ ನುಂಗಿ ಉಬ್ಬುತ್ತದೆ. ಆ ಗಾಳಿ ಹೊರಬಾರದೆ ಪ್ರಾಣಕ್ಕೇ ಕುತ್ತು ಬರಬಹುದು. ಪ್ಲಾಸ್ಟಿಕ್ ಡಬ್ಬವನ್ನು ನೀರೊಳಗೇ ಅಡ್ಡ ಹಿಡಿದು, ಅದು ತಾನಾಗಿ ಒಳಗೆ ಬರುವವರೆಗೆ ಕಾದು ಎತ್ತಬೇಕು. ಮೊದಲಾದರೆ ಹಿಡಿಯಲು ಅರ್ಧ ತಾಸು ಆಟವಾಡಿಸುತ್ತಿದ್ದ ಮೀನು, ಅಂದು ಹಿಡಿದ ಡಬ್ಬದೊಳಗೆ ಸುಮ್ಮನೆ ತೇಲಿ ಬಂತು. ಡಬ್ಬವನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಒಯ್ಯುವಾಗ ಅಂಗಳದಲ್ಲಿ ಅಕ್ಕ ತಲೆಯೆತ್ತಿ ನೋಡಿದಳು. ನಾನು ಆ ಕಡೆ ನೋಡದೆ ಬೈಕ್ ಹತ್ತಿದೆ.

ನನ್ನ ಅಂಗಡಿಯ ಶುದ್ಧ ನೀರಿನಲ್ಲಿ, ಮೆಣಸಿನಕಾಯಿಯ ವಾಸನೆಯೂ ಇಲ್ಲದ ಜಾಗದಲ್ಲಿ, ಎರಡು ದಿನ ಇಟ್ಟೆ. ಅಲ್ಲೂ ತಿನ್ನಲಿಲ್ಲ. ಖಾರವೇ ಕಾರಣವಾಗಿದ್ದರೆ ಇಷ್ಟು ಹೊತ್ತಿಗೆ ಬಾಯಿಗೆ ಏನಾದರೂ ಹಾಕಿಕೊಳ್ಳಬೇಕಿತ್ತು. ನನ್ನ ಲೆಕ್ಕ ತಪ್ಪಿದೆ ಎಂಬ ಅನುಮಾನ ಅಲ್ಲಿಂದ ಶುರುವಾಯಿತು. ಆದರೆ ಅನುಮಾನ ಬಂದೊಡನೆ ಒಪ್ಪಿಕೊಳ್ಳುವ ಸ್ವಭಾವ ನನ್ನದಲ್ಲ. ಮೂರನೆಯ ದಿನ ಪೆಟ್ಟಿಗೆ ಕಟ್ಟಿಕೊಂಡು ಹಾವೇರಿಯ ಪರಿಚಯದ ಪಶುವೈದ್ಯರ ಬಳಿ ಹೋದೆ.

ಅವರು ಪೆಟ್ಟಿಗೆಯೊಳಗೆ ಇಣುಕಿ ನಕ್ಕರು. “ನಾ ಎಮ್ಮಿ ಡಾಕ್ಟರ್ ಅದೇನ್ರಿ ಸಾಬ್ರ. ಮೀನ ತಂದೀರಲ್ಲ.”

“ನನಗ ತಿಳಿದದ್ದೆಲ್ಲ ಮುಗದೈತ್ರಿ ಡಾಕ್ಟ್ರ. ಹತ್ತು ದಿನದ ಮ್ಯಾಲ ಆತು,” ಎಂದೆ.

ಅವರ ನಗು ನಿಂತಿತು. ಕುರ್ಚಿ ಎಳೆದುಕೊಂಡು ಕುಳಿತರು. “ಮೇವು ಬಿಟ್ಟ ಎಮ್ಮಿ ಬಂದ್ರ ನಾ ಮೊದಲ ಬಾಯಿ ತಗದು ನೋಡ್ತೇನಿ. ಇದರ ಬಾಯಿ ನೋಡೀರೇನು?”

ನೋಡಿರಲಿಲ್ಲ. ಮೀನನ್ನು ಗಾಜಿನ ಬೀಕರಿಗೆ ಬಿಟ್ಟು, ಟಾರ್ಚ್ ಹಾಕಿ, ಭೂತಗನ್ನಡಿ ಹಿಡಿದರು. ಬಹಳ ಹೊತ್ತು ನೋಡಿ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಪಫರ್ ಮೀನಿಗೆ ಮೇಲೆರಡು ಕೆಳಗೆರಡು ಹಲ್ಲು, ಗಿಣಿಯ ಕೊಕ್ಕಿನಂತೆ. ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ; ಗಟ್ಟಿ ಚಿಪ್ಪು ಕಡಿದು ಕಡಿದು ಸವೆಯಬೇಕು. ಡುಮ್ಯಾನ ಮೇಲಿನ ಹಲ್ಲು ಇಳಿದು ಕೆಳಗಿನದರ ಮುಂದಕ್ಕೆ ಬಾಗಿಲಿನ ಹಾಗೆ ಬಿದ್ದಿತ್ತು. ಬಾಯಿ ತೆರೆಯಲು ದಾರವೊಂದು ಹೋಗುವಷ್ಟೂ ಸಂದಿರಲಿಲ್ಲ.

“ಇದು ಏನು ತಿಂತೈತಿ?” ಎಂದು ಕೇಳಿದರು ವೈದ್ಯರು.

“ಚಿಪ್ಪಿನ ಹುಳಾನ ತಿಂತೈತ್ರಿ. ಹಂಗಾಗಿ ಹಲ್ಲ ಬೆಳೀಬಾರದು.”

“ತಿನ್ನೋದು ನೀವು ಕಣ್ಣಾರೆ ನೋಡೀರೇನು?”

ಒಂದು ವರ್ಷದಿಂದ ನೋಡಿರಲಿಲ್ಲ. ನಾನು ಹೋಗುವ ಹೊತ್ತಿಗೆ ಅದರ ಊಟ ಮುಗಿದಿರುತ್ತಿತ್ತು. ಆಗ ತಟ್ಟನೆ ಇನ್ನೊಂದು ನೆನಪಾಯಿತು. ತಿಂಗಳು ತಿಂಗಳೂ ಮರಳು ತೊಳೆದವನು ನಾನು. ಒಂದು ವರ್ಷದಲ್ಲಿ ಒಂದು ಚಿಪ್ಪಿನ ಚೂರೂ ಸಿಕ್ಕಿರಲಿಲ್ಲ. ತೊಟ್ಟಿ ಬಹಳ ಸ್ವಚ್ಛ ಇಟ್ಟಿದ್ದಾರೆ ಎಂದು ಸಂತೋಷಪಟ್ಟು ಮನೆಗೆ ಹೋಗಿದ್ದೆ. ಅಲ್ಲೇ ಗುಮಾಸ್ತರಿಗೆ ಫೋನ್ ಮಾಡಿ, ಅಕ್ಕನ ಕೈಗೆ ಕೊಡಿ ಎಂದೆ.

“ಅಕ್ಕಾ, ಹುಳಾ ಹೆಂಗ ಹಾಕ್ತಿದ್ರಿ?”

ಮತ್ತೆ ತಪ್ಪು ಹುಡುಕುತ್ತಿದ್ದಾನೆ ಎಂದುಕೊಂಡಿರಬೇಕು, ಅಕ್ಕನ ದನಿ ತಗ್ಗಿತ್ತು. “ಸೋಸಿ ಹಾಕ್ತಿದ್ನಿರಿ ಅಣ್ಣಾರ. ಚಿಪ್ಪ ಒಡದು, ಒಳಗಿನ ಮೆತ್ತಂದು ಅಷ್ಟ ಬೆರಳಿಗೆ ಹಿಡದು ಕೊಡ್ತಿದ್ದೆ. ಸಣ್ಣ ಬಾಯಿ ಐತಿ, ಚುಚ್ಚಬಾರದಲ್ರಿ.”

ದಿನವಿಡೀ ತುಂಬು ಮುರಿಯುವ ಕೈ ಅದು. ಬಿಡಿಸಬೇಕಾದದ್ದನ್ನು ಬಿಡಿಸಿ, ತಿನ್ನುವಂಥದ್ದನ್ನು ಬೇರೆ ಮಾಡಿ ಕೊಡುವುದೇ ಆ ಕೈಗೆ ಗೊತ್ತು. ಚಿಪ್ಪಿನ ಸಮೇತ ಹಾಕಬೇಕು, ಚಿಪ್ಪೇ ಅದಕ್ಕೆ ಔಷಧ ಎಂದು ನಾನು ಹೇಳಿದ್ದರೆ ತಾನೇ? ‘ನಾಕೈದು ಹಾಕ್ರಿ’ ಎಂಬಲ್ಲಿಗೆ ನನ್ನ ವಿದ್ಯೆ ಮುಗಿದಿತ್ತು. ಹುಳು ಮುಟ್ಟಲಾರದ ಗುಮಾಸ್ತರು ಬಾಟಲಿ ಬಗ್ಗಿಸುತ್ತಿದ್ದಾಗ ಹಲ್ಲು ಸರಿಯಿತ್ತು. ಪ್ರೀತಿಯಿಂದ ಸುಲಿದು ಕೊಟ್ಟವಳ ಕಾಲಕ್ಕೆ ಬೆಳೆಯಿತು. ಫೋನಿನಲ್ಲಿ ನಾನು ಏನೂ ವಿವರಿಸಲಿಲ್ಲ. ಆತು ಅಕ್ಕಾ ಎಂದು ಇಟ್ಟುಬಿಟ್ಟೆ.

ಹಲ್ಲು ಕತ್ತರಿಸಬೇಕಿತ್ತು. ಆ ಕೆಲಸದ ಕ್ರಮವನ್ನು ನನಗೆ ಮೀನು ಕಳಿಸುವ ಕೋಲ್ಕತ್ತಾದ ವ್ಯಾಪಾರಿಯೊಬ್ಬರಿಂದ ಕೇಳಿ ತಿಳಿದಿದ್ದೆ, ಕೈಯಾರೆ ಮಾಡಿರಲಿಲ್ಲ. ಮತ್ತೆ ಅವರಿಗೇ ಫೋನ್ ಮಾಡಿ ಎರಡೆರಡು ಸಲ ಕೇಳಿ ಬರೆದುಕೊಂಡೆ. ಔಷಧಿ ಅಂಗಡಿಯಿಂದ ಲವಂಗದ ಎಣ್ಣೆ ತಂದೆ. ಫ್ಯಾನ್ಸಿ ಸ್ಟೋರಿನಲ್ಲಿ, ಬ್ಯೂಟಿ ಪಾರ್ಲರಿನವರು ಉಗುರಿನ ಅಂಚಿನ ಚರ್ಮ ತೆಗೆಯಲು ಬಳಸುವ ಚೂಪು ತುದಿಯ ಸಣ್ಣ ಇಕ್ಕಳ ಕೇಳಿದಾಗ, ಅಂಗಡಿಯಾಕೆ ನನ್ನ ಗಡ್ಡ ನೋಡಿ, “ಮನಿಯಾಗ ಯಾರಿಗ್ರಿ?” ಎಂದಳು. ಮೀನಿಗೆ ಎಂದರೆ ಯಾರು ನಂಬುತ್ತಾರೆ? ಹೆಂಡತಿಗೆ ಎಂದೆ.

ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಸಣ್ಣ ಶೀಸೆಯಲ್ಲಿ ಉಗುರುಬೆಚ್ಚಗಿನ ನೀರಿನೊಡನೆ ಹಾಲಿನಂತಾಗುವವರೆಗೆ ಕುಲುಕಿ, ಮೀನಿರುವ ನೀರಿಗೆ ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಅವಸರ ಮಾಡಿದರೆ ಮೀನು ನಿದ್ದೆಯಿಂದ ಏಳುವುದೇ ಇಲ್ಲ. ವೈದ್ಯರು ಗಡಿಯಾರ ಹಿಡಿದು ಕಿವಿರಿನ ಬಡಿತ ಎಣಿಸುತ್ತ ನಿಂತರು. ಡುಮ್ಯಾ ಮೊದಲು ತೂಕಡಿಸಿತು, ಆಮೇಲೆ ಓರೆಯಾಯಿತು, ಕೊನೆಗೆ ಹೊಟ್ಟೆ ಮೇಲಾಗಿ ಮಗುಚಿತು. ಕಿವಿರು ಮಾತ್ರ ಮೆಲ್ಲಗೆ ಆಡುತ್ತಿತ್ತು.

“ಈಗ ಹಿಡೀರಿ,” ಎಂದರು.

ಒದ್ದೆ ಬಟ್ಟೆಯಲ್ಲಿ ಸುತ್ತಿ ಎಡಗೈಯಲ್ಲಿ ಹಿಡಿದೆ. ಮೊದಲ ಸಲ ಇಕ್ಕಳ ಜಾರಿತು. ಎರಡನೆಯ ಸಲ ‘ಟಕ್’ ಎಂದು ಚೂರೊಂದು ಹಾರಿ ವೈದ್ಯರ ಕನ್ನಡಕಕ್ಕೆ ಬಡಿಯಿತು. “ಸಾಕು, ನೀರಿಗೆ ಬಿಡ್ರಿ, ಲಗೂ,” ಎಂದರು. ಇನ್ನೊಂದು ಬದಿ ಉಳಿದಿತ್ತು. ಒಂದೇ ಸಲ ಎಂದುಕೊಂಡು ಅದನ್ನೂ ಕತ್ತರಿಸಿದೆ. ಆ ಒಂದು ಸಲ ಹೆಚ್ಚಾಯಿತು. ಶುದ್ಧ ನೀರಿಗೆ ಬಿಟ್ಟರೆ ಕಿವಿರು ಆಡುತ್ತಿಲ್ಲ. ಮೀನನ್ನು ಬೆರಳುಗಳ ನಡುವೆ ಹಿಡಿದು, ಬಾಯಿಯೊಳಗೆ ನೀರು ಹೋಗುವಂತೆ ಮುಂದಕ್ಕೆ ತಳ್ಳುತ್ತ ಬಕೆಟ್ಟಿನ ಸುತ್ತ ನಡೆಸಿದೆ. ಎಷ್ಟು ಸುತ್ತು ಹಾಕಿದೆನೋ ಗೊತ್ತಿಲ್ಲ. ಬಾಯಲ್ಲಿ ದುವಾ ತಾನಾಗಿ ಬರುತ್ತಿತ್ತು. ಆಮೇಲೆ ಬೆರಳಿಗೆ ಸಣ್ಣದೊಂದು ಮಿಡಿತ ತಿಳಿಯಿತು. ಕಿವಿರು ಒಮ್ಮೆ ತೆರೆಯಿತು, ನಿಂತಿತು, ಮತ್ತೆ ತೆರೆಯಿತು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಅಂದೇ ಸಂಜೆ ಬ್ಯಾಡಗಿಗೆ ಒಯ್ದು ಅದರ ತೊಟ್ಟಿಗೇ ಬಿಟ್ಟೆ. ಬಾಯಿ ಈಗ ತೆರೆಯುತ್ತಿತ್ತು. ಇನ್ನೇನು ತಿನ್ನುತ್ತದೆ ಎಂದು ಎಲ್ಲರೂ ಕಾದರು. ತಿನ್ನಲಿಲ್ಲ. ಮರುದಿನವೂ ಇಲ್ಲ. ಗುಮಾಸ್ತರು ಮುಚ್ಚಳ ಎತ್ತಿದರೆ ಸಾಕು, ಕಲ್ಲಿನ ಹಿಂದೆ ಓಡುತ್ತಿತ್ತು. ಸಾವಕಾರರು ಬೇಸತ್ತಿದ್ದರು. “ಹೋಗಲಿ ಬಿಡ್ರಿ ಸಾಬ್ರ. ಅದರ ಋಣ ಇಷ್ಟ ಇತ್ತೋ ಏನೋ. ಕಣ್ಣ ಮುಂದ ಸಾಯೋದು ನೋಡಾಕ ಆಗೂದಿಲ್ಲ, ಒಯ್ದುಬಿಡ್ರಿ,” ಎಂದರು. ದೊಡ್ಡ ದೇಹದ ಆ ಮನುಷ್ಯ ಇದನ್ನು ಹೇಳುವಾಗ ತೊಟ್ಟಿಯ ಕಡೆ ನೋಡಲಿಲ್ಲ.

ಒಯ್ಯುವ ಮುಂಚೆ ಒಂದು ಹೊತ್ತು ಸುಮ್ಮನೆ ಕೂತು ನೋಡುತ್ತೇನೆ ಎಂದೆ. ಕೈಯಲ್ಲಿ ಕಿಟ್ ಇಲ್ಲ, ಕಡ್ಡಿ ಇಲ್ಲ. ಇಷ್ಟು ದಿನದಲ್ಲಿ ನಾನು ಮಾಡದೆ ಇದ್ದ ಕೆಲಸ ಅದೊಂದೇ. ಮಧ್ಯಾಹ್ನ ಊಟದ ಹೊತ್ತಾಯಿತು. ಅಂಗಳದ ಹೆಂಗಸರು ಸೀರೆ ಕೊಡವಿಕೊಂಡು ಎದ್ದರು. ಬಳೆಗಳ ಸದ್ದಾಯಿತು. ಕಲ್ಲಿನ ಹಿಂದಿನಿಂದ ಡುಮ್ಯಾ ಹೊರಬಂತು. ಅಂಗಳದ ಕಡೆಯ ಗಾಜಿಗೆ ಮೂತಿ ಹಚ್ಚಿ, ಅಕ್ಕ ಬುತ್ತಿ ಬಿಚ್ಚಿ ಕುಳಿತ ಕಡೆಗೇ ನೋಡುತ್ತ ಬಾಲ ಅಲ್ಲಾಡಿಸುತ್ತ ನಿಂತಿತು. ಗುಮಾಸ್ತರು ಎದ್ದು ಬಂದೊಡನೆ ಮತ್ತೆ ಕಲ್ಲಿನ ಹಿಂದೆ.

ನನಗೆ ನಾಚಿಕೆಯಾಯಿತು. ನೀರು ನೋಡಿದೆ, ಎಣ್ಣೆ ನೋಡಿದೆ, ಹಲ್ಲು ನೋಡಿದೆ. ಆ ಮೀನು ಯಾರ ಕೈಗಾಗಿ ಕಾಯುತ್ತಿದೆ ಎಂಬುದು ಅಂಗಡಿಗೆ ಬರುವ ರೈತರಿಗೂ ಗೊತ್ತಿದ್ದ ಸಂಗತಿ. ಆ ಕೈಯನ್ನು ತೊಟ್ಟಿಯಿಂದ ತೆಗೆಸಿದವನು ನಾನು. ಹೇಗೂ ಒಯ್ಯಿರಿ ಎಂದಿದ್ದಾರೆ. ಒಯ್ದು, ಎಲ್ಲೋ ಸತ್ತಿತು ಎಂದು ಹೇಳಿದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆ ಯೋಚನೆ ಬಂದಿತ್ತು ಎಂಬುದನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

ಎದ್ದು ನಿಂತು, ಅಂಗಳಕ್ಕೂ ಕೇಳುವಂತೆ ಹೇಳಿದೆ: “ಸಾವಕಾರ್ರ, ಖಾರದ ಮಾತು ನಾ ತಪ್ಪ ಹೇಳಿದ್ದೆ. ಅಕ್ಕನ ಕೈಯಿಂದ ಏನೂ ಆಗಿಲ್ಲ. ಚಿಪ್ಪಿನ ಸಮೇತ ಹಾಕ್ರಿ ಅಂತ ನಾ ಹೇಳಿರಲಿಲ್ಲ, ಅದಕ್ಕ ಹಲ್ಲ ಬೆಳದಾವು. ಅಕ್ಕನ್ನ ಕರೀರಿ.”

ಸಾವಕಾರರು ನನ್ನನ್ನು ಒಂದು ಕ್ಷಣ ನೋಡಿದರು. “ಯವ್ವಾ, ಬಾರಬೇ ಇಲ್ಲಿ,” ಎಂದು ಕೂಗಿದರು.

ಅಕ್ಕ ಬಾಗಿಲವರೆಗೆ ಬಂದು ನಿಂತಳು. “ಬ್ಯಾಡ್ರಿ. ನನ್ನ ಕೈ ಖಾರ ಐತ್ರಿ.”

“ಅದು ನನ್ನ ಬಾಯಿಂದ ಬಂದ ಮಾತು ಅಕ್ಕಾ. ಹೊಟ್ಟ್ಯಾಗ ಹಾಕ್ಕೋರಿ. ಅದು ನಿಮ್ಮ ಕೈಲೆ ಅಷ್ಟ ತಿಂತೈತಿ,” ಎಂದೆ.

ಆಕೆ ಇನ್ನೂ ನಿಂತೇ ಇದ್ದಳು. ಅಷ್ಟರಲ್ಲಿ ಡುಮ್ಯಾ ಅವಳನ್ನು ಕಂಡು ಗಾಜಿನ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಾಡತೊಡಗಿತು. “ಅಯ್ಯ, ಎಷ್ಟು ಸೊರಗೀಯೋ ನನ್ನಪ್ಪಾ,” ಎಂದವಳೇ ನಲ್ಲಿಯ ಕಡೆ ಹೋದಳು. ಕಡಲೆಹಿಟ್ಟು ತರಿಸಿ ಮೊಣಕೈವರೆಗೆ ತಿಕ್ಕಿದಳು, ಸಾಬೂನು ಹಚ್ಚಿದಳು, ತೊಳೆದಳು, ಮತ್ತೆ ತಿಕ್ಕಿದಳು. ಬಂದು ನನ್ನ ಮುಂದೆ ಎರಡೂ ಕೈ ಚಾಚಿದಳು. ನಾನು ನೋಡಲಿಲ್ಲ. ಹುಳುವಿನ ಬಾಟಲಿ ಕೊಟ್ಟೆ.

ಒಂದು ಹುಳು ತೆಗೆದಳು. ಅವಳಿಗೇ ಗೊತ್ತಿಲ್ಲದಂತೆ ಹೆಬ್ಬೆರಳು ಚಿಪ್ಪನ್ನು ಅದುಮಲು ಹೋಯಿತು.

“ಒಡೀಬ್ಯಾಡ್ರಿ ಅಕ್ಕಾ. ಚಿಪ್ಪಿನ ಸಮೇತ.”

“ಗಂಟಲಾಗ ಸಿಕ್ರ?”

“ಸಿಗೂದಿಲ್ಲ. ಅದಕ್ಕ ಅದ ಬೇಕು.”

ಹೆಬ್ಬೆರಳನ್ನು ಕಷ್ಟಪಟ್ಟು ಸಡಿಲಿಸಿದಳು. ಹುಳುವನ್ನು ನೀರಿನೊಳಗೆ ಇಳಿಸಿ, ಇನ್ನೊಂದು ಕೈಯ ಹಸಿರು ಬಳೆಗಳನ್ನು ಗಾಜಿಗೆ ಮೆಲ್ಲಗೆ ತಾಗಿಸಿ, “ಬಾರೋ ಡುಮ್ಯಾ, ಬಾ,” ಎಂದಳು. ಡುಮ್ಯಾ ಬಂತು. ಒಂದು ಕಣ್ಣು ಹುಳುವಿನ ಮೇಲೆ, ಇನ್ನೊಂದು ಅವಳ ಮೇಲೆ. ಹಿಂದೆ ಸರಿಯಿತು. ಮತ್ತೆ ಬಂತು. ‘ಕಟುಂ’ ಎಂದು ಗಾಜಿನ ಹೊರಗೂ ಕೇಳುವಂಥ ಸದ್ದಾಯಿತು. ಚಿಪ್ಪಿನ ಚೂರುಗಳು ಮರಳಿನ ಮೇಲೆ ಉದುರಿದವು.

“ತಿಂತು! ತಿಂತಬೇ!” ಎಂದು ಬಾಗಿಲಲ್ಲಿ ನೆರೆದಿದ್ದ ಹೆಂಗಸರು ಕೂಗಿದರು. ಸಾವಕಾರರು ಗಾದಿಯಿಂದ ಎದ್ದು ಬಂದು, ಟೋಪಿ ತೆಗೆದು, ಕಣ್ಣೊರೆಸಿಕೊಂಡು, ಕಣ್ಣೀರಿನ ತಪ್ಪನ್ನು ಖಾರದ ಮೇಲೆ ಹಾಕಿದರು. ಅಕ್ಕ ಇನ್ನೊಂದು ಹುಳು ಕೊಟ್ಟಳು, ಮತ್ತೊಂದು ಕೊಟ್ಟಳು. ಮೂರನೆಯದಕ್ಕೆ ಹೆಬ್ಬೆರಳು ತಾನಾಗಿ ಸುಮ್ಮನಿತ್ತು.

ಕೈ ಒರೆಸಿಕೊಳ್ಳುತ್ತಿದ್ದ ಆಕೆಯನ್ನು, ಮನಸ್ಸು ತಡೆಯದೆ ಕೇಳಿದೆ. “ಅಕ್ಕಾ, ದಿನಾ ಹತ್ರ ಕುಂತು ಹಾಕ್ತಿದ್ರಿ. ಅದರ ಹಲ್ಲ ಹಂಗ ಆಗಿದ್ದು ಕಂಡಿರಲಿಲ್ಲೇನು?”

“ಕಂಡಿತ್ರಿ. ಸಂಕ್ರಾಂತಿಗೇ ಕಂಡಿತ್ತು,” ಎಂದಳು ಅಕ್ಕ, ಸಿಟ್ಟಿಲ್ಲದೆ. “ಅದನ್ನ ಹೇಳಾಕಂತನ ಅವತ್ತ ಎದ್ದ ಬಂದಿದ್ದೆ. ನೀವು ಕೈ ತೋರಸು ಅಂದ್ರಿ.”